ಕಾಲು ಮಡಚಿ ಕೂತು ಗಾಡಿ ಓಡಿಸಿದ್ದು

೧೯೩೮ನೆಯ ಇಸವಿಯಲ್ಲಿ ನಾನು ಸಾಲಿ ಬಿಟ್ಟೆ. ನಾಲ್ಕನೆಯ ಇಯತ್ತೆ ಪಾಸಾಗಿತ್ತು. ಐದನೆಯದರ ಪುಸ್ತಕಗಳಿಗೆ ಖಾಕಿ ಕಾಗದ ಹೊದಿಸಿ, ಮೇಲೆ ಹೆಸರು ಬರೆದು, ಎರಡು ಸಲ ಮೂಸಿ ನೋಡಿ ಇಟ್ಟಿದ್ದೆ. ಅಷ್ಟರಲ್ಲಿ ನಮ್ಮ ಅಪ್ಪನಿಗೆ ಸೊಂಟ ಹಿಡಿದುಕೊಂಡಿತು. ‘ನಾಳಿಯಿಂದ ನೀ ಗಾದಿ ಮ್ಯಾಲ ಕೂಡು’ ಎಂದ. ಗಾದಿ ಎಂದರೆ ಅರಸರದ್ದಲ್ಲ. ಸೊಲ್ಲಾಪುರದ ಪೇಟೆಯಲ್ಲಿರುವ ನಮ್ಮ ಚಾದರದ ಅಂಗಡಿಯದು. ಬಿಳಿ ಹಾಸು, ಒಂದು ಲೋಡು, ಎದುರಿಗೆ ಒಂದು ಡೆಸ್ಕು. ಅಂದು ಕಾಲು ಮಡಚಿ ಕೂತವನು ಮಧ್ಯಾಹ್ನದ ಊಟಕ್ಕೆ ಬಿಟ್ಟರೆ ಇಂದಿನವರೆಗೂ ಎದ್ದಿಲ್ಲ ಎನ್ನಬಹುದು. ಐದನೆಯ ಇಯತ್ತೆಯ ಭೂಗೋಳದ ಪುಸ್ತಕ ಬಹಳ ವರ್ಷ ಶಾಯಿ ದೌತಿಯ ಕೆಳಗೆ ಕೂತಿತ್ತು. ಜಗತ್ತಿನ ಐದೂ ಖಂಡಗಳ ಮೇಲೆ ನೀಲಿ ಕಲೆ ಬಿದ್ದದ್ದು ಹಾಗೆ.

ಸಾಲಿ ಅರ್ಧಕ್ಕೆ ಬಿಟ್ಟವರದು ಒಂದು ರೋಗವುಂಟು. ಓದಿದವನು ‘ನನಗೆ ಗೊತ್ತಿಲ್ಲ’ ಎಂದು ಸಲೀಸಾಗಿ ಹೇಳಿಬಿಡುತ್ತಾನೆ. ಅವನ ಗೋಡೆಯ ಮೇಲೆ ಸರ್ಟಿಫಿಕೇಟು ಇರುತ್ತದೆ, ಅದು ಅವನ ಮಾನ ಕಾಯುತ್ತದೆ. ಆ ಮಾತನ್ನು ನಾವು ಹೇಳಿದರೆ ಎದುರಿನವನು ಮುಖ ಮೆತ್ತಗೆ ಮಾಡಿ ‘ಪಾಪ’ ಎನ್ನುತ್ತಾನೆ. ಆ ಪಾಪ ನನಗೆ ಬೇಡ. ಆದ್ದರಿಂದ ನಾನು ಯಾವ ವಿಷಯ ಬಂದರೂ ಸ್ವಲ್ಪ ತಲೆ ತೂಗಿ ‘ಹಾಂ, ಅದು ಹಂಗ ಇರ್ತದ’ ಎನ್ನುವ ಅಭ್ಯಾಸ ಮಾಡಿಕೊಂಡೆ. ಈ ಒಂದು ವಾಕ್ಯದಿಂದ ಮೂವತ್ತೈದು ವರ್ಷ ವ್ಯಾಪಾರ, ಸಮಾಜ, ಮದುವೆ ಮಾತುಕತೆ ಎಲ್ಲವನ್ನೂ ದಾಟಿಸಿದ್ದೇನೆ. ದಾಟದೆ ಸಿಕ್ಕಿಬಿದ್ದದ್ದು ಗಾಡಿಯ ವಿಷಯದಲ್ಲಿ ಮಾತ್ರ.

ಗಾಡಿ ಬಂದದ್ದು ಪೆಟ್ರೋಲು ಒಮ್ಮೆಲೇ ತುಟ್ಟಿಯಾದ ಕಾಲದಲ್ಲಿ. ಇದ್ದವರು ಮಾರುತ್ತಿದ್ದರು. ಜಾಣರಾರೂ ಕೊಳ್ಳುತ್ತಿರಲಿಲ್ಲ. ನಾನು ಕೊಂಡೆ. ಕರಿಯ ಬಣ್ಣದ, ಮುಂದೆ ಒಂದೇ ಉದ್ದ ಸೀಟಿನ, ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಮೋಟಾರು. ಮನೆಗೆ ತಂದ ದಿನವೇ ಅದರ ಮುಂದಿನ ಸೀಟಿಗೆ ನಮ್ಮ ಅಂಗಡಿಯ ಒಂದು ದೊಡ್ಡ ಚಾದರ ಹಾಸಿದೆ. ಚಾದರ ಸೀಟಿಗಿಂತ ಬಹಳ ಉದ್ದ. ಬೆನ್ನಿನಿಂದ ಇಳಿದು, ಸೀಟು ದಾಟಿ, ಕೆಳಗೆ ಕಾಲಿಡುವ ಜಾಗದ ತುಂಬ ಹಾಸಿಕೊಂಡಿತು. ‘ಕತ್ತರಿಸಿ ಅಂಚು ಹೊಲಿಸ್ರಿ, ಸೀಟಿನಷ್ಟ ಸಾಕು’ ಎಂದು ಹೆಂಡತಿ ಗಂಗಾ ಹೇಳಿದಳು. ಚಾದರದ ವ್ಯಾಪಾರಿ ತನ್ನ ಚಾದರಕ್ಕೆ ಕತ್ತರಿ ಹಾಕುವುದೇ? ನಮ್ಮ ಚಾದರದ ಹೆಚ್ಚುಗಾರಿಕೆಯೇ ಅದರ ತುದಿಯ ದಶಿ. ನಾಲ್ಕು ನಾಲ್ಕು ಎಳೆ ಹೊಸೆದು, ಗಂಟು ಹಾಕಿ ಬಿಟ್ಟ ಗೊಂಚಲುಗಳಿಗೆ ನಮ್ಮಲ್ಲಿ ದಶಿ ಎನ್ನುತ್ತಾರೆ. ಗಿರಾಕಿ ಅಂಗಡಿಗೆ ಬಂದರೆ ನಾನು ಬಣ್ಣ ತೋರಿಸುವುದಿಲ್ಲ, ಹೂವಿನ ನಕ್ಷೆ ತೋರಿಸುವುದಿಲ್ಲ. ದಶಿಯನ್ನು ಕೈಗೆ ಕೊಟ್ಟು ‘ಜಗ್ಗ್ರಿ’ ಎನ್ನುತ್ತೇನೆ. ಅವನು ಜಗ್ಗುತ್ತಾನೆ. ‘ಇನ್ನೂ ಜೋರಾಗಿ ಜಗ್ಗ್ರಿ, ನಿಮ್ಮ ಮನ್ಯಾಗ ಊಟ ಹಾಕಂಗಿಲ್ಲೇನು?’ ಎನ್ನುತ್ತೇನೆ. ಅವನು ಕೆಂಪಾಗಿ, ಬೆವತು, ಕಡೆಗೆ ಎರಡು ಚಾದರ ಕಟ್ಟಿಸಿಕೊಂಡು ಹೋಗುತ್ತಾನೆ. ಅಂಥ ದಶಿಯನ್ನು ಕತ್ತರಿಸಲು ಹೇಳಿದ ಹೆಂಡತಿಯೊಡನೆ ನಾನು ಆ ದಿನ ಮಾತಾಡಲಿಲ್ಲ.

ಆ ಮೋಟಾರಿನಲ್ಲಿ ಇನ್ನೊಂದು ಚಮತ್ಕಾರವಿತ್ತು. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಕರಿಯ ಬಟನ್. ಹಿಡಿದು ಹೊರಗೆಳೆದರೆ ಒಂದು ತಂತಿ ವೇಗ ಹೆಚ್ಚಿಸುವ ಪೆಡಲನ್ನು ಕಾಲಿಲ್ಲದೆಯೇ ಒತ್ತಿ ಹಿಡಿಯುತ್ತದೆ. ಗಾಡಿ ಒಂದೇ ವೇಗದಲ್ಲಿ ತಾನೇ ಓಡುತ್ತದೆ. ನಿಧಾನವಾಗಬೇಕೆಂದರೆ ಬಟನ್ ಒಳಗೆ ದೂಡಬೇಕು, ಪೆಡಲು ಮೇಲೆದ್ದು ಬರುತ್ತದೆ. ಮಿಸ್ತ್ರಿಗಳು ಇದಕ್ಕೆ ಹ್ಯಾಂಡ್ ರೇಸ್ ಎನ್ನುತ್ತಾರೆ. ಅಕ್ಕಲಕೋಟದ ರಸ್ತೆ ಹೇಗೆ ನೆಟ್ಟಗಿದೆ ಎಂದು ಹೋದವರಿಗೆ ಗೊತ್ತು. ಕುಂಭಾರಿ ದಾಟಿದ ಮೇಲೆ ಎರಡೂ ಕಡೆ ಜೋಳದ ಹೊಲ, ನಡುವೆ ಒಂದು ಗೆರೆ ಎಳೆದ ಹಾಗೆ ದಾರಿ. ಅಲ್ಲಿ ಬಟನ್ ಎಳೆದು, ಬಲಗಾಲನ್ನು ಪೆಡಲಿನಿಂದ ಎತ್ತಿ, ಧೋತರ ಸರಿಮಾಡಿಕೊಂಡು, ಸೀಟಿನ ಮೇಲೆ ತೊಡೆಯ ಕೆಳಗೆ ಮಡಚಿಟ್ಟುಕೊಂಡು ಕೂತರೆ ಥೇಟ್ ನನ್ನ ಗಾದಿ. ಕೆಳಗೆ ನನ್ನ ಚಾದರ, ಕೈಯಲ್ಲಿ ಸ್ಟೇರಿಂಗು. ಅಂಗಡಿಯೇ ಎದ್ದು ಅಕ್ಕಲಕೋಟಕ್ಕೆ ಹೊರಟಿದೆಯೇನೋ ಅನಿಸುತ್ತಿತ್ತು. ಆ ಸುಖ ಓದಿದವರಿಗೆ ತಿಳಿಯುವುದಿಲ್ಲ. ಅವರು ಕುರ್ಚಿಯ ಮೇಲೆ ಕೂತು ಬೆಳೆದವರು.

ನನ್ನ ಮಗಳು ಶಾಂತಾಳನ್ನು ಕೊಟ್ಟದ್ದು ಅಕ್ಕಲಕೋಟಕ್ಕೆ. ಅವಳು ಮ್ಯಾಟ್ರಿಕ್ ಪಾಸು. ಈ ಮಾತನ್ನು ಎಲ್ಲಿ ಬರೆಯಲಿ ಎಂದು ಮೊದಲಿನಿಂದ ಜಾಗ ಹುಡುಕುತ್ತಿದ್ದೆ. ಅವಳ ಮಾವ ಬಸವಣ್ಣಪ್ಪನವರದು ಅಕ್ಕಲಕೋಟದಲ್ಲಿ ಮನೆ, ಚಪಳಗಾಂವದಲ್ಲಿ ಹೊಲ. ಸಜ್ಜನ ಮನುಷ್ಯ, ಆದರೆ ಸರಕಾರಿ ಎಸ್‌ಟಿ ಬಸ್ಸಿನ ಭಕ್ತರು. ಡ್ರೈವರನ ಬೆನ್ನ ಹಿಂದಿನ ಸೀಟು ಸಿಕ್ಕರೆ ಅವರಿಗೆ ಲಗ್ನದ ಮಂಟಪದಲ್ಲಿ ಕೂತಷ್ಟು ಸಂತೋಷ. ಶಾಂತಾಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ ತಗೊಂಡು ನಾವು ಗಾಡಿಯಲ್ಲಿ ಹೋದೆವು. ಊಟವಾದ ಮೇಲೆ ಬೀಗರಿಗೆ ಗಾಡಿಯ ಸುಖ ತೋರಿಸಬೇಕೆಂಬ ಬುದ್ಧಿ ನನಗೆ ಬಂತು. ಚಪಳಗಾಂವದ ದಾರಿ ಹಿಡಿದು, ಬಟನ್ ಎಳೆದು, ಕಾಲು ಮಡಚಿದೆ. ಬೀಗರು ಕೆಳಗೆ ನೋಡಿದರು. ಮತ್ತೊಮ್ಮೆ ನೋಡಿದರು.

‘ಬೀಗರ, ನಿಮ್ಮ ಕಾಲು ಎಲ್ಲಿ ಅದ?’

‘ತೊಡಿ ಕೆಳಗ ಅದರಿ.’

‘ಮತ್ತ ಗಾಡಿ ಯಾರು ಹೊಡ್ಯಾಕತ್ಯಾರ?’

‘ಯಾರೂ ಇಲ್ರಿ. ಅದು ತಾನ ಹೊಂಟದ’ ಎಂದು ನಾನು ಹೆಮ್ಮೆಯಿಂದ ಹೇಳುವಷ್ಟರಲ್ಲಿ ಎದುರಿಗೆ ಕುರಿಹಿಂಡು ರಸ್ತೆಗಿಳಿಯಿತು. ಬಟನ್ ಒಳಗೆ ದೂಡಿದೆ. ಬಟನ್ ಒಳಗೆ ಹೋಯಿತು, ಗಾಡಿಯ ವೇಗ ಹೋಗಲಿಲ್ಲ. ಬ್ರೇಕು ಒತ್ತಿದರೆ ಇಂಜಿನ್ನು ಗುರ್ರೆಂದು ನನ್ನೊಂದಿಗೆ ಜಗಳಕ್ಕೆ ನಿಂತಿತು. ಕಡೆಗೆ ಚಾವಿ ಬಂದ್ ಮಾಡಿದೆ. ಗಾಡಿ ಉರುಳಿ ಉರುಳಿ ಮುಂದಿನ ಕುರಿಯ ಮೂಗಿನಿಂದ ಎರಡು ಮೊಳ ದೂರದಲ್ಲಿ ನಿಂತಿತು. ಬೀಗರ ಟೊಪ್ಪಿಗೆ ಅವರ ಮಡಿಲಲ್ಲಿ ಬಿದ್ದಿತ್ತು. ಅದನ್ನೆತ್ತಿ ತಲೆಗಿಟ್ಟುಕೊಂಡು ಶಾಂತವಾಗಿ ಕೇಳಿದರು: ‘ಇದನ್ನ ನಿಲ್ಲಸೂದು ನಿಮ್ಮ ಕೈಯಾಗ ಅದನೋ, ಕುರಿ ಕೈಯಾಗ ಅದನೋ?’

‘ಗೊತ್ತಿಲ್ಲ’ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ತಲೆ ತೂಗಿ, ‘ಹಾಂ, ಅದು ಹಂಗ ಇರ್ತದ್ರಿ. ನಡುನಡುವೆ ಟೆಸ್ಟ್ ಮಾಡ್ಬೇಕಾಗ್ತದ’ ಎಂದೆ. ಗಾಡಿಯಿಂದ ಜಿಗಿದಿಳಿದೆ. ನನ್ನ ಧೋತರದ ಜೊತೆ ಚಾದರವೂ ಅರ್ಧ ಹೊರಗೆ ಬಂತು. ಮಡಿಕೆ ತಪ್ಪಿದ ಚಾದರ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಅದನ್ನು ಝಾಡಿಸಿ, ನೆರಿಗೆ ತೆಗೆದು, ಮತ್ತೆ ಹಾಸಿದೆ. ಆಮೇಲೆ ಬಗ್ಗಿ ಪೆಡಲು ನೋಡಿದೆ. ಅದು ಏನೂ ಅರಿಯದ ಕೂಸಿನಂತೆ ತನ್ನ ಜಾಗದಲ್ಲಿ ಮೇಲೆದ್ದು ನಿಂತಿತ್ತು.

ಮರಳಿ ಬಂದ ಮೇಲೆ ಬೀಗರು ಎಲ್ಲರೆದುರಿಗೆ ಹೇಳಿದರು: ‘ಇನ್ನೊಂದು ತಿಂಗಳು ಬಿಟ್ಟು ಹುಡುಗಿನ್ನ ಬಾಣಂತನಕ್ಕ ಕರಕೊಂಡು ಹೋಗ್ರಿ. ಆದ್ರ ಗಾಡಿ ತರಬ್ಯಾಡ್ರಿ. ಎಸ್‌ಟಿಯಾಗ ಮುಂದಿನ ಸೀಟು ನಾ ಹಿಡದು ಕೊಡ್ತೀನಿ.’

‘ಛೇ ಛೇ, ನಮ್ಮ ಮಗಳು ನಮ್ಮ ಗಾಡಿಯಾಗ ಬರ್ತಾಳ್ರಿ’ ಎಂದೆ. ಮಾತು ಬಾಯಿಂದ ಹೋಯಿತು. ಗಂಗಾ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ನಾಲ್ಕನೆಯ ಇಯತ್ತೆಯ ಕನ್ನಡ ಸಾಲದು.

ಅಂದಿನಿಂದ ಅಂಗಡಿಯಲ್ಲಿ ಕೂತರೆ ಕಣ್ಣೆದುರು ಕುರಿ. ಗಿರಾಕಿ ಹಸಿರು ಚಾದರ ಕೇಳಿದರೆ ಶಾಂತಾಳ ಹಸಿರು ಸೀರೆ ನೆನಪಾಗುವುದು, ಆಮೇಲೆ ಅವಳು ಹಿಂದಿನ ಸೀಟಿನಲ್ಲಿ ಎಂಟು ತಿಂಗಳ ಹೊಟ್ಟೆ ಹಿಡಿದು ಕೂತದ್ದು, ನಾನು ಬಟನ್ ದೂಡುತ್ತಲೇ ಇರುವುದು, ಎದುರಿಗೆ ಕಬ್ಬಿನ ಗಾಡಿ. ಗಿರಾಕಿಗೆ ಕೆಂಪು ಚಾದರ ಕಟ್ಟಿಕೊಡುತ್ತಿದ್ದೆ. ಗಂಗಾ ದಿನಕ್ಕೊಮ್ಮೆ, ‘ರೀ, ಸುಮ್ಮ ಎಸ್‌ಟಿಯಾಗ ಹೋಗೂಣು. ಹಟ ಯಾರ ಮ್ಯಾಲ?’ ಎನ್ನುವಳು. ‘ಬಸ್ಸು ಕುಲುಕ್ತದ, ಬಸುರಿ ಹೆಂಗಸು’ ಎನ್ನುತ್ತಿದ್ದೆ. ‘ಬಸ್ಸು ಕುಲುಕ್ತದ ಖರೆ, ನಿಲ್ತದ’ ಎನ್ನುವಳು. ಕಡೆಗೆ ಗಾಡಿಯನ್ನು ಮಿಸ್ತ್ರಿಯ ಹತ್ತಿರ ಒಯ್ದೆ.

ವಿಜಾಪುರ ವೇಸಿನ, ಅಂದರೆ ಹಳೆಯ ಊರಬಾಗಿಲಿನ, ಹತ್ತಿರ ರಸೂಲ್ ಮಿಸ್ತ್ರಿಯ ತಗಡಿನ ಶೆಡ್ಡು. ಅವನು ಕೈ ಇಟ್ಟರೆ ಸತ್ತ ಇಂಜಿನ್ನು ಎದ್ದು ಕೂಡುತ್ತದೆಂದು ಪೇಟೆಯಲ್ಲಿ ಹೆಸರು. ನನಗೆ ಅವನ ಮೇಲೆ ಪ್ರೀತಿ ಇದ್ದದ್ದು ಬೇರೆ ಕಾರಣಕ್ಕೆ. ಗಾಡಿಯ ಬಾಗಿಲು ತೆಗೆಯುವ ಮೊದಲು ಅವನು ಕೈಯನ್ನು ಸಾಬೂನು ಹಚ್ಚಿ ತೊಳೆಯುತ್ತಿದ್ದ. ಆಮೇಲೆ ನನ್ನ ಚಾದರವನ್ನು ಎರಡೂ ತುದಿ ಹಿಡಿದು ಎತ್ತಿ, ಎಂಟು ಮಡಿಕೆ ಮಾಡಿ, ಒಂದು ಸ್ಟೂಲಿನ ಮೇಲೆ ಪೇಪರು ಹಾಸಿ ಅದರ ಮೇಲಿಡುತ್ತಿದ್ದ. ‘ನಿಮ್ಮ ಮಾಲಿಗೆ ನಮ್ದು ಗ್ರೀಸ್ ಹತ್ತಬಾರ್ದು ಸೇಠ್. ಖುದಾ ಮೆಚ್ಚಂಗಿಲ್ಲ.’ ಮಾಲಿನ ಕಿಮ್ಮತ್ತು ತಿಳಿದವನು ಎಂದು ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅವನು ಬಟನ್ ಎಳೆದ, ದೂಡಿದ. ಮತ್ತೆ ಎಳೆದ, ದೂಡಿದ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕುಂಭಾರಿಯವರೆಗೆ ಓಡಿಸಿದ. ಎಳೆದರೆ ಓಡಿತು, ದೂಡಿದರೆ ಇಳಿಯಿತು. ನನ್ನ ಗಾಡಿ ಪರರ ಮನೆಯಲ್ಲಿ ಮರ್ಯಾದೆಯಿಂದ ನಡೆಯುವ ಮಕ್ಕಳ ಹಾಗೆ ನಡೆಯಿತು. ತಂತಿಗೆ ಎಣ್ಣೆ ಬಿಟ್ಟು, ಪೆಡಲಿನ ಸ್ಪ್ರಿಂಗ್ ತೆಗೆದು ಬಿಗಿಯಾದ ಹೊಸದು ಹಾಕಿ, ಚಾದರವನ್ನು ನೆರಿಗೆಯಿಲ್ಲದೆ ತಿರುಗಿ ಹಾಸಿಕೊಟ್ಟ.

ಮೂರು ದಿನ ಬಿಟ್ಟು ನಾನೊಬ್ಬನೇ ಪರೀಕ್ಷೆಗೆಂದು ವಳಸಂಗದ ಕಡೆ ಹೋದೆ. ನೆಟ್ಟನೆಯ ದಾರಿ ಬಂತು. ಬಟನ್ ಎಳೆದೆ, ಕಾಲು ಮಡಚಲಿಲ್ಲ. ಅಷ್ಟು ಧೈರ್ಯ ಉಳಿದಿರಲಿಲ್ಲ. ಒಂದು ಮೈಲಿ ಓಡಿಸಿ ಬಟನ್ ದೂಡಿದರೆ ಮತ್ತದೇ ಗುರ್. ಚಾವಿ ಬಂದ್. ಜಿಗಿದಿಳಿದೆ, ಚಾದರ ಹಿಂದೆಯೇ ಜಾರಿತು, ಸಿಟ್ಟಿನಲ್ಲೂ ಅದನ್ನು ಝಾಡಿಸಿ ಹಾಸಿದೆ, ಬಗ್ಗಿ ನೋಡಿದೆ. ಪೆಡಲು ಮತ್ತೆ ಮೇಲೆದ್ದು ನಿಂತು ನನ್ನ ಮುಖ ನೋಡುತ್ತಿತ್ತು. ಕಾಲಿನಿಂದ ಒತ್ತಿದೆ: ಇಳಿಯಿತು, ಏರಿತು. ಹತ್ತು ಸಲ ಒತ್ತಿದೆ. ದಾರಿಯಲ್ಲಿ ಎತ್ತು ಹೊಡೆದುಕೊಂಡು ಹೊರಟಿದ್ದ ಒಬ್ಬ ರೈತ ನಿಂತು ನೋಡಿ, ‘ಮಾಲಕ್ರ, ಹೊಲಿಗಿ ಮಶೀನೇನ್ರಿ?’ ಎಂದ.

ರಸೂಲನ ಶೆಡ್ಡಿಗೆ ಹೋಗಿ ಕೂಗಾಡಿದೆ. ಅವನು ಮತ್ತೆ ಕೈ ತೊಳೆದು, ಚಾದರ ಮಡಚಿಟ್ಟು, ಕಾರ್ಬೊರೇಟರು ಬಿಚ್ಚಿ ತೊಳೆದು ಜೋಡಿಸಿ, ಓಡಿಸಿ ನೋಡಿದ. ಏನೂ ಇಲ್ಲ.

‘ಸೇಠ್, ಬುರಾ ಮಾನಬ್ಯಾಡ್ರಿ. ನನ್ನ ಕೈಯಾಗ ಗಾಡಿ ಕರೆಕ್ಟ್ ನಡೀತದ. ನೀವು ಬಟನ್ ಪೂರಾ ಒಳಗ ಒತ್ತಿದ್ರೋ ಇಲ್ಲೋ?’

‘ನನಗ ಬಟನ್ ಒತ್ತಾಕ ಬರಂಗಿಲ್ಲಂತೀಯೇನು?’

‘ಹಂಗಲ್ರಿ. ಕೆಲವ್ರ ಕಾಲು ಭಾರ ಇರ್ತದ.’

‘ಮೊದಲನೇ ಸಲ ನನ್ನ ಕಾಲು ಸೀಟಿನ ಮ್ಯಾಲ ಇತ್ತೋ ಮಾರಾಯಾ!’ ಎಂದುಬಿಟ್ಟೆ. ರಸೂಲ್ ನನ್ನ ಕಾಲನ್ನು, ಸೀಟನ್ನು, ಮತ್ತೆ ನನ್ನ ಕಾಲನ್ನು ನೋಡಿದ. ಪಕ್ಕಡ ತಗೊಂಡು ಬಟನ್ನಿನ ತಂತಿಯನ್ನು ಬುಡದಿಂದ ಕಿತ್ತೇಬಿಟ್ಟ. ‘ಇನ್ನ ಈ ಬಟನ್ ಬರೇ ಶೋಕಿಗೆ. ಎಳದ್ರೂ ಅಷ್ಟೇ, ದೂಡಿದ್ರೂ ಅಷ್ಟೇ. ಕಾಲಿಲೇ ಹೊಡೀರಿ, ಕೆಳಗ ಇಟ್ಟು ಹೊಡೀರಿ.’ ಚಾದರ ಹಾಸಿ, ಸಲಾಂ ಮಾಡಿ ಕಳಿಸಿದ. ತಂತಿಯೇ ಇಲ್ಲವೆಂದ ಮೇಲೆ ಕಾಯಿಲೆಯೂ ಹೋದ ಹಾಗೆ ಎಂದು ನನಗೂ ಅನಿಸಿತು. ಎರಡು ದಿನ ಊರ ಹೊರಗೆ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿ ನೋಡಿದೆ. ಸುದ್ದಿಯಿಲ್ಲ. ಆದರೂ ಕಣ್ಣೆದುರಿನ ಕುರಿ ಸರಿಯಲಿಲ್ಲ. ರೋಗ ಏನೆಂದು ಹೇಳದೆ ಔಷಧ ಕೊಟ್ಟ ಡಾಕ್ಟರರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ.

ಹೊರಡುವ ಸೋಮವಾರ ಬಂತು. ಗುರುವಾರ ಬೇಡವೆಂದು ನಾನೇ ಹೇಳಿದ್ದೆ. ಅಂದು ಅಕ್ಕಲಕೋಟದ ತುಂಬ ಸ್ವಾಮಿಗಳ ದರ್ಶನಕ್ಕೆ ಬಂದವರು, ನಡುರಸ್ತೆಯಲ್ಲಿ ಜನ. ಹೋಗುವಾಗ ಗಾಡಿ ತಕರಾರು ಮಾಡಲಿಲ್ಲ, ಯಾಕೆಂದರೆ ನಾನು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ನಮ್ಮನ್ನು ಎರಡು ಸೈಕಲ್ಲುಗಳು ದಾಟಿ ಹೋದವು. ಬೀಗರ ಮನೆಯಲ್ಲಿ ಊಟವಾಯಿತು, ಉಡಿ ತುಂಬಿದರು. ಶಾಂತಾ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತಳು. ಬೀಗರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೈಚೀಲ ತಗೊಂಡರು.

‘ನೀವು ಎಲ್ಲಿಗೆ ಹೊಂಟ್ರಿ?’ ಎಂದೆ.

‘ಸೊಲ್ಲಾಪುರಕ್ಕ. ಎಸ್‌ಟಿಯಾಗ. ನಿಮ್ಮ ಹಿಂದ ಬರ್ತೀನಿ. ನಡುವ ಎಲ್ಲ್ಯಾರ ಕುರಿ ಬಂದ್ರ ಕೈ ಮಾಡ್ರಿ.’

ಇದನ್ನು ನುಂಗಿಕೊಂಡು ಹೊರಟೆ. ಆದರೆ ನನ್ನ ವೇಗದಲ್ಲಿ ಹೋದರೆ ಯಾವ ಬಸ್ಸು ಹಿಂದೆ ಉಳಿದೀತು? ಸ್ವಲ್ಪ ಹೊತ್ತಿಗೆ ಕೆಂಪು ಬಸ್ಸು ಹಾರ್ನ್ ಹೊಡೆದು ನಮ್ಮನ್ನು ದಾಟಿತು. ಡ್ರೈವರನ ಬೆನ್ನ ಹಿಂದಿನ ಕಿಡಕಿಯಲ್ಲಿ ಬೀಗರ ಟೊಪ್ಪಿಗೆ, ಅದರ ಕೆಳಗೆ ಬೀಗರ ನಗೆ. ಬಸ್ಸಿನ ಧೂಳು ನಮ್ಮ ಗಾಡಿಯೊಳಗೆ ತುಂಬಿತು. ಶಾಂತಾ ಕೆಮ್ಮಿದಳು. ಮಗಳು ಕೆಮ್ಮಿದಳೆಂದೇ ನಾನು ಬಸ್ಸನ್ನು ಹಿಂದೆ ಹಾಕಿದೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಪೆಡಲನ್ನು ತಳದವರೆಗೆ ಒತ್ತಿದೆ. ಬಸ್ಸಿನ ಬಗಲಿಗೆ ಬಂದೆ, ಬೀಗರ ಕಿಡಕಿಯನ್ನು ದಾಟುವಾಗ ಮುಖ ನೆಟ್ಟಗಿಟ್ಟುಕೊಂಡೆ, ಮುಂದಾದೆ. ಕಾಲು ಎತ್ತಿದೆ.

ಪೆಡಲು ಏಳಲಿಲ್ಲ.

ಬಟನ್ ಕಡೆ ಕೈ ಹೋಯಿತು. ಅದು ಶೋಕಿಯ ಬಟನ್. ಗಾಡಿ ಓಡುತ್ತಿದೆ, ಇಂಜಿನ್ನು ಒದರುತ್ತಿದೆ, ಮುಂದೆ ವಳಸಂಗದ ಸಂತೆಗೆ ಹೊರಟ ಮೂರು ಎತ್ತಿನ ಗಾಡಿಗಳು ಸಾಲಾಗಿ ದಾರಿ ತುಂಬ ಹೋಗುತ್ತಿವೆ. ಹಿಂದಿನಿಂದ ಗಂಗಾ, ‘ರೀ, ಸಾವಕಾಶ’ ಎಂದಳು. ಶಾಂತಾಳ ಬಳೆಗಳು ಒಮ್ಮೆ ಸದ್ದು ಮಾಡಿದ್ದು ಕೇಳಿಸಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳೆಂದು ನೋಡದೆಯೇ ತಿಳಿಯಿತು. ಚಾವಿ ತಿರುವಿದೆ. ಇಂಜಿನ್ನು ಸತ್ತಿತು. ಬ್ರೇಕನ್ನು ಒಮ್ಮೆಲೇ ಒತ್ತಿದರೆ ಮಗಳು ಮುಂದಕ್ಕೆ ಬಿದ್ದಾಳೆಂದು ತುಸುತುಸುವೇ ಒತ್ತುತ್ತ, ಬಾಯಲ್ಲಿ ಸಿದ್ಧರಾಮನ ಹೆಸರು ಹೇಳುತ್ತ, ಒಂದು ಬೇವಿನ ಗಿಡದ ನೆರಳಿಗೆ ಗಾಡಿಯನ್ನು ಉರುಳಿಸಿಕೊಂಡು ಹೋಗಿ ನಿಲ್ಲಿಸಿದೆ.

ಪ್ರತಿಸಲ ಜಿಗಿದಿಳಿಯುತ್ತಿದ್ದ ನಾನು ಈ ಸಲ ಇಳಿಯಲಿಲ್ಲ. ಕೂತಲ್ಲಿಂದಲೇ ಹಿಂದೆ ತಿರುಗಿ ಮಗಳನ್ನು ನೋಡಿದೆ.

‘ಅಪ್ಪಾ, ನನಗೇನೂ ಆಗಿಲ್ಲ’ ಎಂದಳು ಶಾಂತಾ. ‘ಬೆನ್ನು ಅಷ್ಟ ನೋಯಾಕತ್ತದ. ಬೆನ್ನಿಗೆ ಇಟ್ಕೊಳ್ಳಾಕ ಆ ಚಾದರ ಕೊಡ್ರಿ’ ಎಂದು ಮುಂದೆ ಬಗ್ಗಿ ನನ್ನ ಪಕ್ಕದಿಂದ ಚಾದರ ಎಳೆದಳು. ಅದು ಬರಲಿಲ್ಲ. ನಾನು ಕೂತಿದ್ದೇನೆಂದು ಬರಲಿಲ್ಲವೇನೋ ಎಂದು ಸ್ವಲ್ಪ ಎದ್ದೆ. ಆಗಲೂ ಬರಲಿಲ್ಲ.

‘ಅಪ್ಪಾ, ಇದು ಕೆಳಗ ಎಲ್ಲೋ ಸಿಕ್ಕೊಂಡದ.’

ಬಗ್ಗಿ ನೋಡಿದೆ. ಪೆಡಲಿನ ಹಿಂದಿನ ಕಬ್ಬಿಣದ ಕಡ್ಡಿ ನೆಲದ ತಗಡಿನ ಒಂದು ತೂತಿನಲ್ಲಿ ಇಳಿಯುತ್ತದೆ. ಪೆಡಲು ತಳದವರೆಗೆ ಹೋದಾಗ ಕಡ್ಡಿ ಚಾದರದ ದಶಿಗಳನ್ನೂ ಕರೆದುಕೊಂಡು ತೂತಿಗೆ ಇಳಿದಿತ್ತು. ಗಂಟುಗಂಟಿನ ದಶಿಗಳು ಬೆಣೆ ಹೊಡೆದ ಹಾಗೆ ಕೂತು ಕಡ್ಡಿಯನ್ನು ಮೇಲೆ ಬಿಡುತ್ತಿರಲಿಲ್ಲ. ಆವರೆಗೆ ಒಂದೆರಡೇ ಸಿಕ್ಕಿರಬೇಕು. ನಾನು ಜಿಗಿದಾಗ ಚಾದರದೊಡನೆ ಅವೂ ಕಿತ್ತುಬರುತ್ತಿದ್ದವು. ನಾನು ಝಾಡಿಸಿ ಹಾಸಿ ಸಾಕ್ಷಿ ಅಳಿಸಿ, ಆಮೇಲೆ ಕಳ್ಳನನ್ನು ಹುಡುಕುತ್ತಿದ್ದೆ. ಇನ್ನು ರಸೂಲನೋ, ಗೌರವದಿಂದ ಕಳ್ಳನನ್ನು ಎಂಟು ಮಡಿಕೆ ಮಾಡಿ ಸ್ಟೂಲಿನ ಮೇಲೆ ಕೂರಿಸಿ, ಗಾಡಿಯನ್ನು ವಿಚಾರಣೆ ಮಾಡುತ್ತಿದ್ದ. ಊರೊಳಗೆ ಪೆಡಲನ್ನು ತಳದವರೆಗೆ ಒತ್ತುವ ಪ್ರಸಂಗವೇ ಬರುವುದಿಲ್ಲ. ಅಕ್ಕಲಕೋಟ, ಚಪಳಗಾಂವದಂಥ ನೆಟ್ಟನೆಯ ದಾರಿಯಲ್ಲೇ ಬರಬೇಕು.

ಗಂಗಾ ಇಳಿದು ಬಂದಳು. ಎರಡೂ ಕೈಯಿಂದ ದಶಿ ಹಿಡಿದು ಜಗ್ಗಿದಳು. ಬರಲಿಲ್ಲ. ಕಾಲು ಕೊಟ್ಟು ಜಗ್ಗಿದಳು. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಬರಬಾರದಿತ್ತು, ಬಂತು: ‘ನೋಡು, ಹರೀಲಿಲ್ಲ!’

ಅವಳು ಸೆರಗಿನಿಂದ ಬೆವರು ಒರೆಸಿಕೊಂಡು ನನ್ನನ್ನು ನೋಡಿದಳು. ‘ಗಿರಾಕಿ ಇಲ್ರಿ ಇಲ್ಲಿ. ಹೆಂಡ್ತಿ ಮಗಳು ಇದ್ದೀವಿ. ಕೈಚೀಲದಾಗ ಅಡಕೊತ್ತು ಅದ, ಕೊಡ್ರಿ.’ ಕೊಟ್ಟೆ. ಅಡಕೆ ಕತ್ತರಿಸುವ ಆ ಅಡಕೊತ್ತಿನಿಂದ ಅವಳು ಕಾಲಿಡುವ ಜಾಗದಲ್ಲಿ ತಲೆ ತೂರಿಸಿ ಒಂದೊಂದೇ ದಶಿ ಕಡಿಯತೊಡಗಿದಳು. ಕಟ್ ಎಂದಾಗಲೆಲ್ಲ ನನಗೆ ಎಲ್ಲೋ ಚುಚ್ಚುತ್ತಿತ್ತು.

ಅದೇ ಹೊತ್ತಿಗೆ ಕೆಂಪು ಬಸ್ಸು ಬಂದು ನಿಂತಿತು. ಬೀಗರು ಇಳಿದು, ಟೊಪ್ಪಿಗೆ ಸರಿಮಾಡಿಕೊಂಡು ಹತ್ತಿರ ಬಂದರು. ‘ಏನಾತು?’

ಶಾಂತಾ ಹಿಂದಿನಿಂದ ಥಟ್ಟನೆ, ‘ಏನಿಲ್ರಿ ಮಾವಾರ. ನನಗ ಸ್ವಲ್ಪ ದಣಿವಾತು, ಅಪ್ಪ ನೆರಳಿಗೆ ನಿಲ್ಲಿಸ್ಯಾರ’ ಎಂದಳು. ಮ್ಯಾಟ್ರಿಕ್ ಪಾಸಾದ ಹುಡುಗಿ. ಅವಳು ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು.

‘ಬೀಗತ್ಯಾರು ಕೆಳಗ ಏನ್ ಮಾಡಾಕತ್ಯಾರ?’

‘ಅಡಕಿ ಬಿದ್ದದ್ರಿ’ ಎಂದಿತು ಕೆಳಗಿನಿಂದ ಗಂಗಾಳ ದನಿ. ಕಟ್ ಎಂದು ಇನ್ನೊಂದು ದಶಿ ಹೋಯಿತು.

ಬೀಗರು ನಂಬಿದರು. ನಂಬಿ, ಕಿಡಕಿಯಲ್ಲಿ ಕೈಯಿಟ್ಟು ಶಾಂತಾಳಿಗೆ, ‘ಛಲೋ ಮಾಡಿದ್ರು ನಿಮ್ಮ ಅಪ್ಪ. ನಾ ಸುಮ್ಮ ಅಂಜಿದ್ದೆ ನೋಡವಾ’ ಎಂದರು. ಇಷ್ಟಕ್ಕೆ ನಾನು ತಲೆ ತೂಗಿ ‘ಹಾಂ, ಅದು ಹಂಗ ಇರ್ತದ್ರಿ’ ಎಂದಿದ್ದರೆ ಮಾನ ಉಳಿದು ಮೇಲೆ ಶಭಾಸಗಿರಿಯೂ ಸಿಗುತ್ತಿತ್ತು. ತಲೆ ತೂಗಲೂ ಹೊರಟೆ. ಆದರೆ ನಾನು ಮಾಡಿದ ಗೊಂದಲಕ್ಕೆ ಎಂಟು ತಿಂಗಳ ಬಸುರಿ ಸುಳ್ಳು ಹೇಳುತ್ತಿದ್ದಾಳೆ, ನನ್ನ ಹೆಂಡತಿ ತಗಡಿನೊಳಗೆ ತಲೆ ಇಟ್ಟು ಸುಳ್ಳು ಹೇಳುತ್ತಿದ್ದಾಳೆ. ತಲೆ ಅರ್ಧಕ್ಕೆ ನಿಂತಿತು.

‘ಇಲ್ರಿ ಬೀಗರ. ಗಾಡಿ ನಿಲ್ಲಲಿಲ್ಲ. ಯಾಕ ನಿಲ್ಲಂಗಿಲ್ಲ ಅಂತ ಇಷ್ಟು ದಿನ ನನಗ ಗೊತ್ತಿರಲಿಲ್ಲ’ ಎಂದೆ.

ಹೇಳಿದ ಮೇಲೆ ಆಕಾಶ ಬೀಳಲಿಲ್ಲ. ಬೀಗರು ‘ಪಾಪ’ ಎನ್ನಲೂ ಇಲ್ಲ. ಬಗ್ಗಿ ಪೆಡಲು ನೋಡಿದರು, ಕಡಿದ ದಶಿ ಕೈಗೆತ್ತಿಕೊಂಡರು, ಜಗ್ಗಿ ನೋಡಿದರು. ‘ಬಾಳ ಗಟ್ಟಿ ಅದ ಬಿಡ್ರಿ’ ಎಂದರು. ಆಮೇಲೆ ಬಸ್ಸಿನ ಕಂಡಕ್ಟರನಿಗೆ ಹೋಗು ಎಂದು ಕೈ ಮಾಡಿ, ತಮ್ಮ ಕೈಚೀಲ ತಗೊಂಡು ಬಂದು ನನ್ನ ಪಕ್ಕ ಕೂತರು. ಡ್ರೈವರನ ಬೆನ್ನ ಹಿಂದಿನ ಸೀಟನ್ನು ಅವರು ಬಿಟ್ಟದ್ದು ಅದೇ ಮೊದಲು. ‘ನಡೀರಿ. ಎರಡೂ ಕಾಲು ಕೆಳಗ ಇಡ್ರಿ. ನಾ ನೋಡ್ಕೋತ ಕೂಡ್ತೀನಿ.’ ಚಾದರ ಶಾಂತಾಳ ಬೆನ್ನಿಗೆ ಹೋಯಿತು. ಸೊಲ್ಲಾಪುರ ಮುಟ್ಟುವವರೆಗೆ ಅವರು ರಸ್ತೆಯನ್ನು ನೋಡಲೇ ಇಲ್ಲ, ನನ್ನ ಕಾಲನ್ನೇ ನೋಡುತ್ತಿದ್ದರು. ಅಷ್ಟು ಗಮನವಿಟ್ಟು ನನ್ನನ್ನು ನೋಡಿದ್ದು ನಾಲ್ಕನೆಯ ಇಯತ್ತೆಯ ಮಾಸ್ತರರು ಮಾತ್ರ.

ಮುಂದಿನ ತಿಂಗಳು ಶಾಂತಾ ಸುಖವಾಗಿ ಹಡೆದಳು. ಹೆಣ್ಣು ಕೂಸು. ಆ ಚಾದರವನ್ನೇ ಮಡಚಿ ತೊಟ್ಟಿಲಿಗೆ ಹಾಕಿದ್ದಾರೆ. ಕೂಸು ಉಳಿದ ದಶಿಗಳನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತದೆ. ನಾನು ನೋಡುತ್ತ ನಿಲ್ಲುತ್ತೇನೆ. ಹೇಳಬಾರದೆಂದುಕೊಂಡರೂ ‘ಇನ್ನೂ ಜೋರಾಗಿ ಜಗ್ಗು’ ಎಂದು ಬಾಯಿಗೆ ಬಂದುಬಿಡುತ್ತದೆ.

ಒಂದು ಮಾತು ಉಳಿಯಿತು. ತಂತಿ ಕಿತ್ತಿದ್ದರಿಂದಲೇ ಸೇಠರ ಗಾಡಿ ರಿಪೇರಿಯಾಯಿತೆಂದು ರಸೂಲ್ ಮಿಸ್ತ್ರಿ ಇಡೀ ವಿಜಾಪುರ ವೇಸಿಗೆ ಹೇಳಿಕೊಂಡು ತಿರುಗುತ್ತಾನೆ. ಕೂಗಾಡಿದ್ದಕ್ಕೆ ಅವನ ಹತ್ತಿರ ತಪ್ಪಾಯಿತು ಎನ್ನಬೇಕು, ಖರೆ ಸಂಗತಿ ಹೇಳಬೇಕು ಎಂದು ಎರಡು ಸಲ ಶೆಡ್ಡಿನವರೆಗೆ ಹೋಗಿದ್ದೆ. ಎರಡು ಸಲವೂ ಅವನು ಎದ್ದು ಕೈ ತೊಳೆದು, ‘ಹ್ಯಾಂಗದ ಸೇಠ್ ಗಾಡಿ?’ ಎಂದ. ನಾನು ತಲೆ ತೂಗಿ, ‘ಹಾಂ, ಅದು ಹಂಗ ಇರ್ತದ’ ಎಂದು ಬಂದೆ. ಬೀಗರೆದುರಿಗೆ ಒಮ್ಮೆ ಹೇಳಿದ ಮಾತ್ರಕ್ಕೆ ರೋಗ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಇದು ಕನ್ನಡದಲ್ಲಿದೆ, ರಸೂಲನಿಗೆ ಉರ್ದು ಬಿಟ್ಟು ಬೇರೆ ಓದಲು ಬಾರದು.

ಇನ್ನು ಈಗ ನನ್ನ ಹತ್ತಿರ ಇರುವುದು: ಅಂಗಡಿ ಒಂದು. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಮೊಮ್ಮಗಳು ಒಬ್ಬಳು. ಮೋಟಾರು ಒಂದು, ಅದರಲ್ಲಿ ಯಾತಕ್ಕೂ ಜೋಡಿಸದ ಬಟನ್ ಒಂದು. ಕಾಲು ಎರಡು, ಗಾಡಿಯಲ್ಲಿ ಎರಡೂ ಕೆಳಗೆ. ಒಂದು ಬದಿಗೆ ಒಂಬತ್ತು ದಶಿ ಕಡಿಮೆಯಿರುವ ಚಾದರ ಒಂದು. ಇಯತ್ತೆ ನಾಲ್ಕು.